ಕ್ಯಾಪ್ಟನ್ ಹೊಣೆ ಒಬ್ಬರ ತಲೆಗೇ ಕಟ್ಟಬೇಡಿ

1883ರ ಅಕ್ಟೋಬರ್ 4ರಂದು ಗ್ಲಾಸ್ಗೋದಲ್ಲಿ ವಿಲಿಯಂ ಅಲೆಕ್ಸಾಂಡರ್ ಸ್ಮಿತ್ ಬಾಯ್ಸ್ ಬ್ರಿಗೇಡ್ ಎಂಬ ಹುಡುಗರ ಸಂಘಟನೆಯನ್ನು ಆರಂಭಿಸಿದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಸಂಡೇ ಸ್ಕೂಲ್‌ನಲ್ಲಿ ಹುಡುಗರನ್ನು ಹಿಡಿದು ಕೂರಿಸುವುದೇ ಹರಸಾಹಸವಾಗಿತ್ತು. ಸ್ವಯಂಸೇವಕ ಸೇನಾಪಡೆಯಲ್ಲಿ ತಾವು ಕಲಿತ ಕವಾಯತನ್ನು ಅವರು ಬೈಬಲ್ ಪಾಠಕ್ಕೆ ಜೋಡಿಸಿದರು. ಮನೆಯ ಬಟ್ಟೆಯ ಮೇಲೆಯೇ ಪುಟ್ಟ ದುಂಡು ಟೋಪಿ, ಬೆಲ್ಟ್, ಹೆಗಲಿಗೊಂದು ಚೀಲ. ಅಷ್ಟರಿಂದಲೇ ಬಡವರ ಮಗನೂ ಸಾಲಿನಲ್ಲಿ ತಲೆಯೆತ್ತಿ ನಿಲ್ಲುವಂತಾಯಿತು.

ಸ್ಮಿತ್ ಒಂಟಿಯಾಗಿರಲಿಲ್ಲ. ಹಿಲ್ ಎಂಬ ಹೆಸರಿನ ಸಹೋದರರಿಬ್ಬರು ಮೊದಲಿನಿಂದಲೂ ಹೆಗಲು ಕೊಟ್ಟಿದ್ದರು.

ತಮ್ಮ ಬ್ರಿಗೇಡ್ ತಂಡಕ್ಕೆ ಹೊಸ ಕ್ಯಾಪ್ಟನ್‌ರನ್ನು ನೇಮಿಸುವ ಚರ್ಚುಗಳು ಇದನ್ನು ಮರೆಯಬಾರದು. ಚೆನ್ನಾಗಿ ಕವಾಯತು ಮಾಡಿಸುವವರಿಗೆ ಹುದ್ದೆ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಆದರೆ ಕೆಲಸವೇ ಬೇರೆ: ಹಾಜರಿ ಪುಸ್ತಕ, ಲೆಕ್ಕಪತ್ರ, ಶಿಬಿರದ ಅನುಮತಿ, ಹೆತ್ತವರ ಆತಂಕ, ಸಹಾಯಕರ ತರಬೇತಿ. ಸ್ಕಾಟ್ಲೆಂಡಿನಲ್ಲಿ ಮಕ್ಕಳೊಂದಿಗೆ ದುಡಿಯುವ ಸ್ವಯಂಸೇವಕರ ಹಿನ್ನೆಲೆ ತಪಾಸಣೆಗೆ ಪಿವಿಜಿ ಎಂಬ ವ್ಯವಸ್ಥೆಯೇ ಇದೆ. ಕಾಗದಪತ್ರ ಹೆಚ್ಚಾಯಿತೆಂದು ಗೊಣಗುವವರಿದ್ದಾರು, ಮಕ್ಕಳ ಸುರಕ್ಷತೆಯಲ್ಲಿ ಮಾತ್ರ ರಿಯಾಯಿತಿ ಸಲ್ಲದು.

ಇವೆಲ್ಲವೂ ಸಂಬಳವಿಲ್ಲದೆ, ದಿನದ ದುಡಿಮೆ ಮುಗಿಸಿ ಬಂದ ಮೇಲೆ ಆಗಬೇಕು. ಹಾಗಾಗಿ ನೇಮಕದ ದಿನವೇ ಇಬ್ಬರು ಸಹಾಯಕ ಅಧಿಕಾರಿಗಳನ್ನೂ ಒಬ್ಬ ಲೆಕ್ಕಿಗರನ್ನೂ ಚರ್ಚ್ ಗೊತ್ತುಮಾಡಲಿ. ಹಳೆಯ ಕ್ಯಾಪ್ಟನ್ ಒಂದು ವರ್ಷವಾದರೂ ಜೊತೆಗಿದ್ದು ಕೆಲಸ ಒಪ್ಪಿಸಲಿ. ಹೊಸಬರು ಕವಾಯತಿನ ಸೀಟಿಯನ್ನು ಕಿರಿಯ ಅಧಿಕಾರಿಗಳ ಕೈಗಿತ್ತು, ಎರಡು ವಾರದಿಂದ ಬಾರದ ಹುಡುಗನ ಮನೆಗೆ ಹೋಗಿ ವಿಚಾರಿಸುವಷ್ಟು ಬಿಡುವು ಉಳಿಸಿಕೊಳ್ಳಲಿ.