ಡಯಾಲಿಸಿಸ್ ರೋಗಿಯ ರಕ್ತದ ಅಂಕಿಗಳು

ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ 2024ನೆಯ ಇಸವಿಯ ನವೆಂಬರ್ 9ರಿಂದ 11ರವರೆಗೆ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ತಾಯಂದಿರ ಪೈಕಿ ಏಳು ಮಂದಿಯ ಮೂತ್ರಪಿಂಡಗಳು ಹಠಾತ್ತನೆ ಕೆಟ್ಟು, ಇತರ ಅಂಗಗಳೂ ಸೋತವು. ಡಿಸೆಂಬರಿನ ಮೊದಲ ವಾರ ಕಳೆಯುವುದರೊಳಗೆ ಐವರು ತಾಯಂದಿರು ತೀರಿಕೊಂಡಿದ್ದರು. ಡ್ರಿಪ್ಪಿನ ದ್ರಾವಣದ ಮೇಲೆ ಸಂಶಯ ಬಿದ್ದಿತು. ಆ ವಿಚಾರಣೆ ಈ ಲೇಖನದ ವಿಷಯವಲ್ಲ. ಕಮಲಾಪುರ, ಕಂಪ್ಲಿ, ಸಂಡೂರುಗಳ ಜನರಿಗೆ ಬಳ್ಳಾರಿಯು ನೆರೆಯ ಊರು. ಮೂತ್ರಪಿಂಡ ಕೆಟ್ಟ ರೋಗಿಯನ್ನು ಒಳಗೆ ಮಲಗಿಸಿ ಹೊರಗೆ ಕಾದು ಕುಳಿತವರು ದಿನವೂ ಕೇಳುವ ಪ್ರಶ್ನೆಯೊಂದನ್ನು ನಾವು ಇಲ್ಲಿ ಎತ್ತಿಕೊಳ್ಳುತ್ತೇವೆ: “ಇವತ್ತು ಕ್ರಿಯಾಟಿನಿನ್ ಎಷ್ಟು ಬಂತು, ಡಾಕ್ಟರೇ?” ಡಯಾಲಿಸಿಸ್ ಪ್ರಾರಂಭವಾದ ಮೇಲೆ ಈ ಪ್ರಶ್ನೆಯಲ್ಲಿ ಹೆಚ್ಚು ಹುರುಳಿಲ್ಲವೆಂಬುದು ನಮ್ಮ ಅಭಿಪ್ರಾಯ.

ಕ್ರಿಯಾಟಿನಿನ್ ಎಂಬುದು ಸ್ನಾಯುಗಳಿಂದ ಸದಾ ಹೊರಬೀಳುವ ಒಂದು ಕಶ್ಮಲ. ಆರೋಗ್ಯವಂತರ ರಕ್ತದಲ್ಲಿ ಅದು ಡೆಸಿಲೀಟರಿಗೆ ಸುಮಾರು 1 ಮಿಲಿಗ್ರಾಂ ಇರುತ್ತದೆ. ಮೂತ್ರಪಿಂಡಗಳು ಸೋತರೆ ಏರುತ್ತದೆ. ಯಂತ್ರವು ಅದನ್ನು ಸೋಸಿ ತೆಗೆದಾಗ ಇಳಿಯಲೇಬೇಕು. ಕಮಲಾಪುರದ ಕೆರೆಯ ತೂಬನ್ನು ತೆರೆದಿಟ್ಟು, ನೀರು ತಗ್ಗಿತೆಂಬ ಮಾತ್ರದಿಂದ ಕೆರೆಗೆ ನೀರು ಬರುವುದೇ ನಿಂತಿತೆಂದು ಯಾರಾದರೂ ಹೇಳಿಯಾರೆ? ಇನ್ನೊಂದು ವಿಚಿತ್ರವೂ ಉಂಟು. ವಾರಗಟ್ಟಲೆ ಹಾಸಿಗೆ ಹಿಡಿದು ಸ್ನಾಯುಗಳು ಕರಗಿದ ರೋಗಿಯಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಬಡಕಲಾದ ದೇಹದಲ್ಲಿ ಕಾಣುವ ಒಳ್ಳೆಯ ಅಂಕಿಯು ಕೆಟ್ಟ ಸುದ್ದಿಯೂ ಆಗಿರಬಹುದು.

ಹಾಗಾದರೆ ರಕ್ತಪರೀಕ್ಷೆಯೇ ವ್ಯರ್ಥವೆ? ಅಲ್ಲ. ಪ್ರಾಣವಾಯು ಸಾಲದ ಜೀವಕೋಶಗಳು ಲ್ಯಾಕ್ಟೇಟನ್ನು ಉತ್ಪಾದಿಸುತ್ತವೆ. ಲೀಟರಿಗೆ 2 ಮಿಲಿಮೋಲಿನ ಒಳಗಿರಬೇಕಾದ ಈ ವಸ್ತುವು ಏರುತ್ತಲೇ ಹೋದರೆ ಅಪಾಯ. ಕೆಲವು ಗಂಟೆಗಳಲ್ಲಿ ಇಳಿಯತೊಡಗಿದರೆ ಆಸೆಯುಂಟು. ಯಂತ್ರವೂ ಇದನ್ನು ಸ್ವಲ್ಪ ತೆಗೆಯುತ್ತದೆ. ಆದರೆ ಯಕೃತ್ತು ತೆಗೆಯುವುದರ ಮುಂದೆ ಅದು ಅತ್ಯಲ್ಪ. ಆದ್ದರಿಂದ ಲ್ಯಾಕ್ಟೇಟಿನ ಇಳಿತವು ಬಹುಮಟ್ಟಿಗೆ ದೇಹದ್ದೇ ಸಾಧನೆ. ಇದರೊಡನೆ ಕಿರುಬಿಲ್ಲೆಗಳು, ಬಿಲಿರುಬಿನ್ ಮುಂತಾದವನ್ನೂ ನೋಡಬೇಕು. 1996ರಲ್ಲಿ ಪ್ರಕಟವಾದ ‘ಸೋಫಾ’ ಎಂಬ ಗಣನೆಯು ಆರು ಅಂಗವ್ಯವಸ್ಥೆಗಳ ಸೋಲನ್ನು ಒಟ್ಟಿಗೆ ಲೆಕ್ಕಹಾಕುತ್ತದೆ.

ಇಷ್ಟಾದರೂ ಈ ಲೆಕ್ಕಗಳು ಹೇಳುವುದು ನೂರಾರು ರೋಗಿಗಳ ಗುಂಪಿನ ಮಾತನ್ನು. ಎದುರಿಗೆ ಮಲಗಿರುವ ಒಬ್ಬರ ಹಣೆಬರಹವನ್ನಲ್ಲ. 2020ರಲ್ಲಿ 15 ದೇಶಗಳ ಸುಮಾರು 3,000 ರೋಗಿಗಳ ಮೇಲಿನ ಪ್ರಯೋಗವೊಂದು ಪ್ರಕಟವಾಯಿತು. ತೀವ್ರ ನಿಗಾ ಘಟಕದಲ್ಲಿ ಮೂತ್ರಪಿಂಡ ಕೆಟ್ಟವರಲ್ಲಿ ಅರ್ಧದಷ್ಟು ಮಂದಿಗೆ ಬೇಗನೆ ಡಯಾಲಿಸಿಸ್ ಮಾಡಿದರು. ಉಳಿದವರಿಗೆ ನಿಜವಾದ ಅಗತ್ಯ ಕಾಣುವವರೆಗೆ ಕಾದರು. 90 ದಿನಗಳಲ್ಲಿ ಎರಡು ಗುಂಪುಗಳಲ್ಲಿಯೂ ನೂರಕ್ಕೆ ಸುಮಾರು 44 ಮಂದಿ ಸತ್ತರು. ಕಾದವರಲ್ಲಿ ನೂರಕ್ಕೆ 38 ಮಂದಿಗೆ ಯಂತ್ರವನ್ನು ಹಚ್ಚುವ ಸಂದರ್ಭವೇ ಬರಲಿಲ್ಲ. ರಕ್ತದ ಅಂಕಿಯನ್ನು ಅವಸರವಾಗಿ ತಗ್ಗಿಸಿದ ಮಾತ್ರಕ್ಕೆ ಸಾವು ತಗ್ಗಲಿಲ್ಲ.

ನೂರರಲ್ಲಿ 56 ಮಂದಿ ಉಳಿದರೆಂಬುದನ್ನೂ ಇಲ್ಲಿ ಒತ್ತಿ ಹೇಳಬೇಕು. ಒಂದು ದಿನದ ಒಂದು ಚೀಟಿಯನ್ನು ನೋಡಿ, ಕೈಯಲ್ಲಿನ ದುಡ್ಡೂ ತೀರಿ, “ಇನ್ನು ಮನೆಗೆ ಕರೆದೊಯ್ಯೋಣ” ಎನ್ನುವ ಮನೆಗಳು ನಮ್ಮ ನಾಡಿನಲ್ಲಿ ಕಡಿಮೆಯಲ್ಲ. ಹಠಾತ್ತನೆ ಕೆಟ್ಟ ಮೂತ್ರಪಿಂಡವು ಎಷ್ಟೋ ವೇಳೆ ವಾರಗಳ ಮೇಲೆ ಚೇತರಿಸಿಕೊಳ್ಳುತ್ತದೆ. ಅದರ ಮೊದಲ ಸುಳಿವು ಪ್ರಯೋಗಶಾಲೆಯ ಚೀಟಿಗಿಂತ ಮುಂಚೆ ಮೂತ್ರದ ಚೀಲದಲ್ಲಿಯೇ ಕಾಣಬಹುದು. ಆದ್ದರಿಂದ “ನಿನ್ನೆಗಿಂತ ಇಂದು ಮೂತ್ರ ಹೆಚ್ಚು ಹೋಯಿತೆ?” ಎಂದು ಕೇಳುವುದು ಮೇಲು.

ಕ್ರಿಯಾಟಿನಿನ್ನಿಗೆ ನಿಜವಾದ ಬೆಲೆಯಿರುವುದು ಯಂತ್ರಕ್ಕೆ ಮೊದಲು. ಹಾವು ಕಚ್ಚಿದವರಿಗೆ, ಬೇಸಗೆಯಲ್ಲಿ ವಾಂತಿಭೇದಿಯಿಂದ ಒಣಗಿದವರಿಗೆ, ಹೆರಿಗೆಯ ಮರುದಿನ ಮೂತ್ರ ಕಟ್ಟಿದ ಬಾಣಂತಿಗೆ, ಈ ಅಗ್ಗದ ಪರೀಕ್ಷೆಯು ಕಮಲಾಪುರದಂಥ ಊರಿನಲ್ಲಿಯೇ ಮೊದಲ ದಿನ, ಮತ್ತೆ ಎರಡನೆಯ ದಿನ ಆಗಬೇಕು. ಎರಡು ಅಂಕಿಗಳ ನಡುವಿನ ಏರಿಕೆಯನ್ನು ಕಂಡು ಆ ರಾತ್ರಿಯೇ ಹೊಸಪೇಟೆಗೋ ಬಳ್ಳಾರಿಗೋ ವಾಹನ ಹೊರಟರೆ, ಡಯಾಲಿಸಿಸ್ಸಿನ ಮಾತೇ ಎಷ್ಟೋ ಮಂದಿಗೆ ಬಾರದು.