ಹೆಂಚು ಬದಲಿಸಲು ಯಾರ ಅಪ್ಪಣೆ?

ಮೃಗಶಿರಾ ಮಳೆ ಹತ್ತಿರ ಬಂತೆಂದರೆ ಪುಣೆಯ ನಮ್ಮ ಹೌಸಿಂಗ್ ಸೊಸೈಟಿಗಳಲ್ಲಿ ಒಂದೇ ಮಾತು: ಗಚ್ಚಿ ಸೋರುತ್ತದೆ. ಮೇಲಿನ ಮಹಡಿಯವರು ಕೂಗಾಡುತ್ತಾರೆ, ಕೆಳಗಿನವರು ತಮಗೆ ಸಂಬಂಧವಿಲ್ಲವೆನ್ನುತ್ತಾರೆ, ಸೆಕ್ರೆಟರಿಯವರು ಮೂರು ಕಡೆಯಿಂದ ಕೊಟೇಶನ್ ತರಿಸುತ್ತಾರೆ. ಕಮಿಟಿ ಕೂಡುತ್ತದೆ, ಚಹಾ ಆಗುತ್ತದೆ, ಜಗಳವೂ ಆಗುತ್ತದೆ. ಹದಿನೈದು ದಿನದಲ್ಲಿ ಗವಂಡಿ ಗಚ್ಚಿ ಹತ್ತಿರುತ್ತಾನೆ. ವರ್ಷದ ಕೊನೆಗೆ ಆಡಿಟರು ಬಂದು ಪ್ರತಿಯೊಂದು ಪಾವತಿಯನ್ನೂ ತಿರುವಿ ನೋಡುತ್ತಾರೆ. ಈ ಕಮಿಟಿಯಲ್ಲಿರುವವರಾದರೂ ಯಾರು? ಬ್ಯಾಂಕಿನ ಕಾರಕೂನರು, ನಿವೃತ್ತ ಶಿಕ್ಷಕಿಯರು, ಖಡಕಿಯ ಕಾರ್ಖಾನೆಯಲ್ಲಿ ದುಡಿದ ಫೋರ್‌ಮನ್ನರು. ಇವರಾರಿಗೂ ಕಟ್ಟಡಶಾಸ್ತ್ರ ಬರುವುದಿಲ್ಲ. ಆದರೂ ಮಹಾರಾಷ್ಟ್ರದ 1960ರ ಸಹಕಾರಿ ಸಂಘಗಳ ಕಾಯ್ದೆಯೂ ಸೊಸೈಟಿಯ ಉಪನಿಯಮಗಳೂ ಇವರನ್ನು ನಂಬಿವೆ. ಇಷ್ಟು ಮೊತ್ತದವರೆಗಿನ ದುರಸ್ತಿಯನ್ನು ಕಮಿಟಿಯೇ ಮಾಡಿಸಲಿ, ಅದರಾಚೆಗಿನದು ಸರ್ವಸಾಧಾರಣ ಸಭೆಯ ಮುಂದೆ ಬರಲಿ ಎಂದು ಗೆರೆ ಎಳೆದುಕೊಟ್ಟಿವೆ.

ಕಾರಕೂನರ ಕಮಿಟಿಯನ್ನು ಇಷ್ಟು ನಂಬುವ ಸರಕಾರವು ತನ್ನದೇ ಶಾಲೆಯನ್ನು, ತನ್ನದೇ ದವಾಖಾನೆಯನ್ನು, ತನ್ನದೇ ಕಚೇರಿಯನ್ನು ಏಕೆ ನಂಬುವುದಿಲ್ಲ? ಇದೇ ನಮ್ಮ ತಕರಾರು.

ಹೋದ ಮಳೆಗಾಲದಲ್ಲಿ ನಮ್ಮಲ್ಲಿ ಕೆಲವರು ಸದಸ್ಯರೊಬ್ಬರ ಊರಿಗೆ ಹೋಗಿದ್ದೆವು. ಗಡಿ ಸೀಮೆಯ ಹಳ್ಳಿ, ಹೆಸರು ಬೇಡ. ಅವರು ಅಕ್ಷರ ಕಲಿತ ಕನ್ನಡ ಶಾಲೆ ಈಗಲೂ ಇದೆ. ಎರಡನೆಯ ಇಯತ್ತೆಯ ಕೋಣೆಯಲ್ಲಿ ಮಕ್ಕಳು ಒಂದು ಗೋಡೆಗೆ ಒತ್ತಿಕೊಂಡು ಕುಳಿತಿದ್ದರು, ಉಳಿದರ್ಧ ಕೋಣೆಯಲ್ಲಿ ಬಕೆಟ್ಟುಗಳು ಕುಳಿತಿದ್ದವು. ಹದಿನೈದಿಪ್ಪತ್ತು ಹೆಂಚು, ಒಂದೆರಡು ಜಂತಿ, ಇಬ್ಬರು ಆಳು, ಎರಡು ದಿನ: ಇಷ್ಟೇ ಕೆಲಸ. ಮುಖ್ಯಾಧ್ಯಾಪಕರು ಅರ್ಜಿ ಬರೆದು ಅದಾಗಲೇ ಒಂದು ವರ್ಷ ಕಳೆದಿತ್ತು. ಅರ್ಜಿ ಮೇಲೆ ಹೋಗಿ, ಅಲ್ಲಿಂದ ಅಭಿಯಂತರರ ಕಚೇರಿಗೆ ಹೋಗಿ, ಅಂದಾಜು ಪತ್ರಿಕೆಯಾಗಿ, ಆಡಳಿತ ಮಂಜೂರಾತಿಗೆ ಒಂದು ಮೇಜು, ತಾಂತ್ರಿಕ ಮಂಜೂರಾತಿಗೆ ಇನ್ನೊಂದು ಮೇಜು ಸುತ್ತಿ, ಇಷ್ಟು ಸಣ್ಣ ಕೆಲಸಕ್ಕೆ ಗುತ್ತಿಗೆದಾರರು ಬರುವುದಿಲ್ಲವೆಂದು ಇನ್ನಷ್ಟು ಶಾಲೆಗಳ ಕೆಲಸದೊಂದಿಗೆ ಗಂಟು ಹಾಕಲ್ಪಟ್ಟು, ಆ ಗಂಟು ಎಲ್ಲಿಯೋ ಮಲಗಿತ್ತು. ತಾವೇ ಮಾಡಿಸಬಾರದೇ ಎಂದು ಕೇಳಿದೆವು. ಅವರು ನಕ್ಕರು: “ಸ್ವಂತ ರೊಕ್ಕ ಹಾಕಿ ಮಾಡಿಸಿದ್ರ, ಸರಕಾರಿ ಕಟ್ಟಡಕ್ಕ ಯಾರ ಪರವಾನಗಿ ತಗೊಂಡು ಕೈ ಹಚ್ಚಿದ್ರಿ ಅಂತ ನೋಟೀಸ ಬರತೈತ್ರಿ. ಮಾಡಿಸದಿದ್ರ ಪಾಲಕರು ಬೈತಾರ. ಬೈಸಿಕೊಳ್ಳೂದು ಸೋವಿ.”

ಲೋಕೋಪಯೋಗಿ ಇಲಾಖೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಡಾಲ್‌ಹೌಸಿಯ ಕಾಲದಲ್ಲಿ, 1850ರ ದಶಕದಲ್ಲಿ, ಮಿಲಿಟರಿ ಬೋರ್ಡಿನ ಕೈಯಿಂದ ಕಾಮಗಾರಿಗಳನ್ನು ಬಿಡಿಸಿ ಈ ಇಲಾಖೆಯನ್ನು ಕಟ್ಟಿದ್ದಕ್ಕೆ ಕಾರಣಗಳಿದ್ದವು. ನಮ್ಮ ವಿಶ್ವೇಶ್ವರಯ್ಯನವರು ಇದೇ ಪುಣೆಯ ಸೈನ್ಸ್ ಕಾಲೇಜಿನಲ್ಲಿ ಓದಿ, 1884ರಲ್ಲಿ ಮುಂಬಯಿ ಪ್ರಾಂತದ ಅದೇ ಇಲಾಖೆಯನ್ನು ಸೇರಿದರು. ಅವರ ಸ್ವಯಂಚಾಲಿತ ಬಾಗಿಲುಗಳು 1903ರಲ್ಲಿ ಖಡಕವಾಸಲೆಯಲ್ಲಿ ನಿಂತಾಗ ಅದರ ಹಿಂದೆ ಆ ಇಲಾಖೆಯ ಶಿಸ್ತೂ ಇತ್ತು. ಅಂಥ ಕೆಲಸಕ್ಕೆ ಅಂಥ ಇಲಾಖೆಯೇ ಬೇಕು. ಆದರೆ ಖಡಕವಾಸಲೆಯ ಬಾಗಿಲಿಗೂ ಶಾಲೆಯ ಪಾಯಖಾನೆಯ ಬಾಗಿಲಿಗೂ ಒಂದೇ ಬಗೆಯ ಕಡತವೇ?

ದಿಲ್ಲಿಯವರು ಈ ಪ್ರಶ್ನೆಗೆ ತಮ್ಮ ಮಟ್ಟಿಗೆ ಉತ್ತರ ಕಂಡುಕೊಂಡಿದ್ದಾರೆ. ಪುಣೆಯ ಕೇಂದ್ರ ಸರಕಾರದ ಕಚೇರಿಗಳಲ್ಲಿ ದುಡಿದ ನಮ್ಮ ಓದುಗರಿಗೆ ಸಾಮಾನ್ಯ ಹಣಕಾಸು ನಿಯಮಗಳು ಬಾಯಿಪಾಠ. 2005ರ ನಿಯಮಗಳಂತೆ ಒಂದು ಮಂತ್ರಾಲಯ ಅಥವಾ ವಿಭಾಗವು 10 ಲಕ್ಷ ರೂಪಾಯಿವರೆಗಿನ ದುರಸ್ತಿಯನ್ನು ತಾನೇ ನೇರವಾಗಿ ಮಾಡಿಸಬಹುದಿತ್ತು. 2017ರ ನಿಯಮಗಳು ಆ ಮಿತಿಯನ್ನು 30 ಲಕ್ಷಕ್ಕೆ ಏರಿಸಿದವು. ದೊಡ್ಡ ಮನೆಯವರಿಗೆ ಸಿಕ್ಕ ಈ ನಂಬಿಕೆ ಹಳ್ಳಿಯ ಶಾಲೆಗೆ ಇಳಿದು ಬರುವುದು ಯಾವಾಗ?

ಒಮ್ಮೆ ಇಳಿದು ಬಂದಿತ್ತು, ನಿಜ. 2001ರಿಂದ ನಡೆದ ಸರ್ವ ಶಿಕ್ಷಾ ಅಭಿಯಾನದಲ್ಲಿ ಕಟ್ಟಡ ಕೆಲಸಕ್ಕೆ ಒಟ್ಟು ವೆಚ್ಚದ 33 ಶೇಕಡಾ ಮಿತಿಯಿತ್ತು, ಆ ಕೆಲಸದಲ್ಲಿ ಊರವರ ಸಹಭಾಗ ಕಡ್ಡಾಯವಾಗಿತ್ತು. ಆದರೆ ಅನೇಕ ಕಡೆ ಆದದ್ದೇನು? ಗಣಿತ ಕಲಿಸಬೇಕಾದ ಮಾಸ್ತರರು ಸಿಮೆಂಟಿನ ಚೀಲ ಎಣಿಸುತ್ತ ನಿಂತರು. ಅಳತೆ ಪುಸ್ತಕವನ್ನು ಹೇಗೆ ತುಂಬಬೇಕೆಂದು ಅವರಿಗೆ ಯಾರೂ ಕಲಿಸಿಕೊಟ್ಟಿರಲಿಲ್ಲ. ಲೆಕ್ಕ ತಪ್ಪಿದಾಗ ಮಾತ್ರ ಎಲ್ಲರೂ ಬೆರಳು ತೋರಿಸಿದರು. ಅಧಿಕಾರ ಕೊಟ್ಟರು, ಯೋಗ್ಯತೆ ಕೊಡಲಿಲ್ಲ.

ನಮ್ಮ ತವರು ಕರ್ನಾಟಕದ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ 1974ರಲ್ಲಿ ಭೂಸೇನೆ ಹುಟ್ಟಿತು. ಗುತ್ತಿಗೆದಾರನನ್ನು ದೂರವಿಟ್ಟು, ಹಳ್ಳಿಯ ಕೂಲಿಕಾರರಿಗೆ ನೇರ ಕೆಲಸ ಕೊಡುವ ಒಳ್ಳೆಯ ಆಸೆಯದು. 2009ರಲ್ಲಿ ಅದು ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಯಮಿತವೆಂದು ಹೆಸರು ಬದಲಿಸಿಕೊಂಡಿತು. ಜಿಲ್ಲೆ ಜಿಲ್ಲೆಗೂ ನಿರ್ಮಿತಿ ಕೇಂದ್ರಗಳು ಬಂದವು. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ತರಲೆಂದೇ 1999ರಲ್ಲಿ ಮಾಡಿದ ಕಾನೂನಿನಲ್ಲಿ 4(ಜಿ) ಎಂಬೊಂದು ಕಿಂಡಿ ಇದೆ. ಸರಕಾರ ಅಧಿಸೂಚನೆ ಹೊರಡಿಸಿದರೆ ಟೆಂಡರಿನಿಂದ ವಿನಾಯಿತಿ. ಆ ಕಿಂಡಿಯ ಮೂಲಕ ಇಂಥ ಸಂಸ್ಥೆಗಳಿಗೆ ಕಾಮಗಾರಿಗಳು ನೇರವಾಗಿ ಹರಿದವು. ಕೆಲಸ ಮಾಡುವ ಶಕ್ತಿ ಈ ಜಿಲ್ಲೆಯ ಘಟಕಕ್ಕೆ ಇದೆಯೇ, ಹಿಂದಿನ ಕೆಲಸ ಮುಗಿದಿದೆಯೇ ಎಂದು ಕೇಳಿ ಕೊಟ್ಟದ್ದಲ್ಲ. ಸಂಸ್ಥೆಯ ಹೆಸರು ನೋಡಿ ಕೊಟ್ಟದ್ದು. ಹೆಸರು ಸಂಸ್ಥೆಯದು, ಕೆಲಸ ಮಾತ್ರ ಹಿಂಬಾಗಿಲಿನ ಗುತ್ತಿಗೆದಾರನದು ಎಂಬ ದೂರು ಬಂದದ್ದರಲ್ಲಿ ಆಶ್ಚರ್ಯವೇನು? ಅಲ್ಲಿ ನಂಬಿಕೆ ಇತ್ತು, ಪರೀಕ್ಷೆ ಇರಲಿಲ್ಲ.

ನಾವು ಕೇಳುವುದು ಪರೀಕ್ಷೆ ಮಾಡಿ ಕೊಡುವ ಅಧಿಕಾರವನ್ನು. ವಾಹನ ಓಡಿಸುವವನಿಗೆ ಲೈಸೆನ್ಸು ಕೊಡುವುದಿಲ್ಲವೇ, ಹಾಗೆ. ಮೂರು ವರ್ಷದ ಲೆಕ್ಕ ಚೊಕ್ಕವಾಗಿಟ್ಟ ಶಾಲಾ ಸಮಿತಿ, ಅಂದಾಜು ಪತ್ರಿಕೆಯನ್ನು ಓದಬಲ್ಲ ಒಬ್ಬ ಮನುಷ್ಯನಾದರೂ ಇರುವ ದವಾಖಾನೆ, ಕೈಗೆ ತೆಗೆದುಕೊಂಡ ಸಣ್ಣ ಕೆಲಸವನ್ನು ಮುಗಿಸಿ ತೋರಿಸಿದ ಗ್ರಾಮಪಂಚಾಯತಿ: ಇಂಥವುಗಳಿಗೆ ಮಾನ್ಯತಾ ಪತ್ರ ಕೊಡಿ. ಮೊದಲು ದುರಸ್ತಿ, ಅದು ನೆಟ್ಟಗಾದರೆ ಒಂದು ಕೋಣೆ, ಒಂದು ಕಂಪೌಂಡು. ಮಿತಿಯನ್ನು ಮೆಲ್ಲಗೆ ಏರಿಸಿ. ಲೆಕ್ಕ ತಪ್ಪಿದರೆ ಪತ್ರ ಕಿತ್ತುಕೊಳ್ಳಿ. ಮಾಡಿಸುವವರೊಬ್ಬರು, ಅಳೆಯುವವರು ಇನ್ನೊಬ್ಬರು ಎಂಬುದನ್ನು ಮಾತ್ರ ಎಂದಿಗೂ ಸಡಿಲಿಸಬೇಡಿ. ಹತ್ತಿಪ್ಪತ್ತು ಶಾಲೆಗಳಿಗೆ ಒಬ್ಬ ಅಭಿಯಂತರರು ಸಾಕು. ಮಾಸ್ತರರು ಸಿಮೆಂಟು ಎಣಿಸಬೇಕಾಗಿಲ್ಲ. 1996ರಲ್ಲಿ ಕೇರಳವು ಜನತಾ ಯೋಜನೆಯನ್ನು ಆರಂಭಿಸಿದಾಗ ಫಲಾನುಭವಿಗಳ ಸಮಿತಿಗಳಿಗೆ ಕಾಮಗಾರಿ ಒಪ್ಪಿಸಿತು. ತಾಂತ್ರಿಕ ಸಲಹೆಗೆಂದು ನಿವೃತ್ತ ತಜ್ಞರನ್ನು ಸ್ವಯಂಸೇವಕರಾಗಿ ಕರೆಯಿತು. ಅಲ್ಲಿಯೂ ಬೇನಾಮಿ ಗುತ್ತಿಗೆದಾರರು ನುಸುಳಿದರು, ಮುಚ್ಚಿಡುವುದೇಕೆ? ಆದರೆ ತಜ್ಞರನ್ನು ಕರೆದ ಆ ಬುದ್ಧಿ ನಮಗೆ ಹಿಡಿಸಿತು.

“ಕೊಟ್ಟರೆ ತಿನ್ನುತ್ತಾರೆ” ಎನ್ನುವವರಿದ್ದಾರೆ. ನಮ್ಮ ಕಾರ್ಯಕಾರಿ ಸಮಿತಿಯಲ್ಲಿಯೂ ಇದ್ದಾರೆ. ತಿನ್ನುವವರು ಈಗ ಉಪವಾಸವಿದ್ದಾರೆಯೇ ಎಂದು ನಾವು ಕೇಳಿದೆವು. ಅಷ್ಟಕ್ಕೂ ತಾಲೂಕಿನ ಕಡತದಲ್ಲಿ ಮಾಯವಾದ ಹೆಂಚು ಯಾರ ಕಣ್ಣಿಗೂ ಬೀಳುವುದಿಲ್ಲ. ಊರ ಶಾಲೆಯ ಮೇಲೆ ಕೂರದ ಹೆಂಚು ಮಾತ್ರ ಪ್ರತಿ ತಾಯಿಗೂ ಕಾಣುತ್ತದೆ, ಅವಳ ಮಗು ಅದರ ಕೆಳಗೇ ಕುಳಿತಿರುತ್ತದೆ.

ಪುಣೆಯಲ್ಲಿ ಕುಳಿತು ಗಡಿಯ ಶಾಲೆಯ ಚಿಂತೆ ನಮಗೇಕೆ ಎನ್ನಬೇಡಿ. ನಮ್ಮಲ್ಲಿ ಎಷ್ಟೋ ಜನ ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರಗಳ ಕನ್ನಡ ಶಾಲೆಗಳಿಂದಲೇ ಈ ಊರಿಗೆ ಬಂದವರು. ಮಾಡು ಸೋರಿ ಕೋಣೆ ಮುಚ್ಚಿದರೆ ಪಾಲಕರು ಮಗುವನ್ನು ಬೇರೆ ಶಾಲೆಗೆ ಹಾಕುತ್ತಾರೆ. ಪಟದಲ್ಲಿ ಸಂಖ್ಯೆ ಇಳಿದ ಮೇಲೆ ಕನ್ನಡ ವರ್ಗವನ್ನು ಉಳಿಸಲು ನಾವು ಇಲ್ಲಿ ಎಷ್ಟು ಠರಾವು ಪಾಸು ಮಾಡಿದರೇನು?

ಇಂಥ ಸಣ್ಣ ಕೆಲಸಗಳ ಅಧಿಕಾರವನ್ನು ಯೋಗ್ಯತೆ ನೋಡಿ ಶಾಲೆಗಳಿಗೇ ಕೊಡಬೇಕೆಂದು ಸಂಘದ ವತಿಯಿಂದ ಒಂದು ಮನವಿಯನ್ನು ಬರೆಯುತ್ತಿದ್ದೇವೆ. ನಮ್ಮ ಸದಸ್ಯರಲ್ಲಿ ನಿವೃತ್ತ ಅಭಿಯಂತರರು, ಲೆಕ್ಕ ಪರಿಶೋಧಕರು ಬೇಕಾದಷ್ಟು ಜನರಿದ್ದಾರೆ. ವರ್ಷಕ್ಕೆ ನಾಲ್ಕು ದಿನ ತಮ್ಮ ಊರಿನ ಶಾಲೆಯ ಅಂದಾಜು ಪತ್ರಿಕೆ ನೋಡಿಕೊಡಲು ಒಪ್ಪುವವರು ತಮ್ಮ ಹೆಸರನ್ನೂ ತಾಲೂಕನ್ನೂ ಸಂಘದ ಕಚೇರಿಗೆ ಬರೆದು ತಿಳಿಸಬೇಕು. ಮನವಿಯ ಜೊತೆಗೆ ಆ ಯಾದಿಯನ್ನೂ ಕಳಿಸುವ ವಿಚಾರವಿದೆ. ಆ ಹಳ್ಳಿಯ ಮುಖ್ಯಾಧ್ಯಾಪಕರ ಪತ್ರ ಮೊನ್ನೆ ಬಂತು: ಗಂಟು ಇನ್ನೂ ಬಿಚ್ಚಿಲ್ಲವಂತೆ, ಬಕೆಟ್ಟು ಎರಡು ಹೆಚ್ಚಾಗಿವೆಯಂತೆ.