ಅತ್ತೆಯವರ ಬಳೆ ಸಡಿಲವಾದಾಗ



ಮನೆಯಲ್ಲಿ ಅತ್ತೆಯವರಿಗೆ ಕ್ಯಾನ್ಸರ್. ಚಿಕಿತ್ಸೆ ನಡೆಯುತ್ತಿದೆ. ಮೂರು ಹೊತ್ತೂ ಬಿಸಿಬಿಸಿ ಮಾಡಿ ಬಡಿಸುತ್ತೀರಿ. ಆದರೂ ಬಳೆ ಮೊಣಕೈವರೆಗೆ ಜಾರುತ್ತೆ, ರವಿಕೆ ಜೋಲುತ್ತೆ. ನೋಡಲು ಬಂದ ನೆಂಟರು ಸುಮ್ಮನಿರುತ್ತಾರೆಯೇ? "ಸೊಸೆ ಸರಿಯಾಗಿ ಊಟ ಹಾಕೋಲ್ವೇನೋ" ಅಂತಾರೆ. ಆ ಮಾತು ಕೇಳಿ ಒಲೆಯ ಮುಂದೆ ಕಣ್ಣೊರೆಸಿಕೊಂಡವರು ನಿಮ್ಮಲ್ಲಿ ಎಷ್ಟು ಮಂದಿಯೋ!

ತಪ್ಪು ನಿಮ್ಮ ಅಡುಗೆಯದಲ್ಲ, ಅವರ ಹಟವೂ ಅಲ್ಲ. ಈ ಕಾಯಿಲೆ ಹಸಿವನ್ನೇ ಅಡಗಿಸುತ್ತದೆ. ಕೊಬ್ಬಿನ ಜೊತೆಗೆ ಮಾಂಸಖಂಡವನ್ನೂ ಕರಗಿಸುತ್ತದೆ. ಉಪವಾಸದಿಂದ ಸೊರಗಿದ ಮೈ ಉಂಡರೆ ತುಂಬಿಕೊಳ್ಳುತ್ತೆ. ಇದು ಊಟವೊಂದರಿಂದಲೇ ಪೂರ್ತಿ ಸರಿಹೋಗದು. ಆದರೆ ಸವೆತವನ್ನು ನಿಧಾನಗೊಳಿಸಲು ನಾವು ಪ್ರಯತ್ನಿಸಬಹುದು.

ವಾರಕ್ಕೊಮ್ಮೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. 60 ಕಿಲೋ ಇದ್ದವರು 6 ತಿಂಗಳೊಳಗೆ 3 ಕಿಲೋಗಿಂತ ಹೆಚ್ಚು ಇಳಿದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಕಾಲು, ಹೊಟ್ಟೆ ಊದಿದ್ದರೆ ತೂಕ ಮೋಸ ಮಾಡುತ್ತೆ. ತೋಳು ತೊಡೆ ಸೊರಗಿವೆಯೇ ನೋಡಿ. ಬಾಯಿಹುಣ್ಣು, ವಾಂತಿ, ನೋವು, ಮಲಬದ್ಧತೆ ಇದ್ದರೂ ಊಟ ಸೇರದು. ಇವಕ್ಕೆಲ್ಲ ಔಷಧಿ ಉಂಟು, ಕೇಳಲು ಸಂಕೋಚ ಬೇಡ.

ತಟ್ಟೆ ತುಂಬ ಬಡಿಸಬೇಡಿ, ನೋಡಿದರೇ ಹೊಟ್ಟೆ ತೊಳಸುತ್ತೆ. ಎರಡು ಗಂಟೆಗೊಮ್ಮೆ ಪುಟ್ಟ ಬಟ್ಟಲಲ್ಲಿ ಕೊಡಿ. ಬೆಳಿಗ್ಗೆ ಹಸಿವಿದ್ದರೆ ಆಗಲೇ ಹೆಚ್ಚು ಕೊಡಿ. ಒಗ್ಗರಣೆಯ ವಾಸನೆ ಆಗದಿದ್ದರೆ ಆರಿಸಿ ಕೊಡಿ. ನೀರನ್ನು ಊಟದ ಜೊತೆ ಬೇಡ, ನಡುನಡುವೆ ಕುಡಿಸಿ. ಬೇಳೆ, ಮೊಸರು, ಪನೀರ್, ಒಗ್ಗುವವರಿಗೆ ಮೊಟ್ಟೆ ಮೀನು ಇರಲಿ. ಅವರಿವರು ಹೇಳಿದರೆಂದು ಹಾಲು ಬಿಡು, ಸಿಹಿ ಬಿಡು ಎಂಬ ಪಥ್ಯ ಹಿಡಿಸಬೇಡಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿ ಮಾಡಿ.

ಹುರಿಗಡಲೆ ಗಂಜಿ: 2 ಚಮಚ ಹುರಿಗಡಲೆ ಪುಡಿಯನ್ನು ತಣ್ಣನೆ ಹಾಲಿನಲ್ಲಿ ಗಂಟಿಲ್ಲದಂತೆ ಕಲಸಿ. 1 ಲೋಟ ಹಾಲಿಗೆ ಹಾಕಿ, ಕೈಬಿಡದೆ ಕಲಕುತ್ತಾ ಸಣ್ಣ ಉರಿಯಲ್ಲಿ ಕುದಿಸಿ. 1 ಚಮಚ ಹಾಲಿನ ಪುಡಿ, 1 ಚಮಚ ತುಪ್ಪ ಬೆರೆಸಿ. ಇಳಿಸಿದ ಮೇಲೆ ಕರಗಿಸಿ ಸೋಸಿದ ಬೆಲ್ಲ, ಏಲಕ್ಕಿ ಹಾಕಿ. ಮೊದಲೇ ಹಾಕಿದರೆ ಹಾಲು ಒಡೆದೀತು. ಅರ್ಧರ್ಧ ಲೋಟ ಎರಡು ಸಲ ಕೊಡಿ.

ಮಲಗೇ ಇದ್ದರೆ ಮಾಂಸಖಂಡ ಇನ್ನಷ್ಟು ಸವೆಯುತ್ತೆ. ವೈದ್ಯರು ಒಪ್ಪಿದರೆ, ಕೈಹಿಡಿದು ಹಜಾರದಲ್ಲಿ ನಾಲ್ಕು ಹೆಜ್ಜೆ ನಡೆಸಿ.

ಇನ್ನೊಂದು ಮಾತು. ಮನೋರೋಗಕ್ಕೆ ಕೊಡುವ ಒಲಾಂಜಪಿನ್ ಮಾತ್ರೆಯನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟಾಗ ಕೀಮೋ ಪಡೆಯುತ್ತಿದ್ದ ಹಲವರಿಗೆ ಹಸಿವು, ತೂಕ ಹೆಚ್ಚಿದ್ದನ್ನು ಪುದುಚೇರಿಯ ಜಿಪ್‌ಮರ್ ವೈದ್ಯರು 2023ರಲ್ಲಿ ಪ್ರಕಟಿಸಿದ್ದಾರೆ. ನಿಮ್ಮ ವೈದ್ಯರು ಬರೆದುಕೊಟ್ಟರೆ ಹೆದರಬೇಡಿ. ನೀವಾಗಿ ಮಾತ್ರ ಕೊಳ್ಳಬೇಡಿ.

ಕಾಯಿಲೆ ಬಹಳ ಮುಂದುವರಿದಾಗ ಅವರು "ಸಾಕಮ್ಮ" ಅಂದರೆ ಸಾಕು ಅಂತಲೇ ತಿಳಿಯಿರಿ. ಬಲವಂತದ ತುತ್ತು ಸಂಕಟ ತರುತ್ತೆ. ತುಟಿ ಒದ್ದೆ ಮಾಡಿ, ತಲೆ ಬಾಚಿ, ಪಕ್ಕದಲ್ಲಿ ಕೂತು ಮಾತಾಡಿ. ಅದೂ ಉಣಿಸಿದಂತೆಯೇ. ನೆಂಟರು ಮತ್ತೆ ಕೇಳಿದರೆ ಈ ಪುಟವನ್ನು ಅವರ ಕೈಗೆ ಕೊಡಿ!